ಎಂಬತ್ತೊಂದರಲ್ಲಿ ಮೂರು

ಕಾಫಿ ಕೊಳ್ಳಲು ಬಂದವನು
ಗೋದಾಮಿನ ಬಾಗಿಲಲ್ಲೇ ಬೂಟು ಬಿಚ್ಚಿದ.
ಬಿಚ್ಚಬೇಕಿಲ್ಲ ಅಂದೆ. ಬಿಚ್ಚಿ ಆಗಿತ್ತು.
ಕಾಲುಚೀಲದ ಹೆಬ್ಬೆರಳಲ್ಲಿ ತೂತು.

ಮಿಲೆಂಕೊ ಅಂತ ಹೆಸರು. ಯೂರೋಪಿನವನು.
ದೇಶದ ಹೆಸರನ್ನೂ ಹೇಳಿದ;
ಚಿಕ್ಕಮಗಳೂರಿನ ಈ ಕ್ಯೂರಿಂಗ್ ವರ್ಕ್ಸಿನಲ್ಲಿ
ಇಪ್ಪತ್ತಾರು ವರ್ಷ ರವಾನೆ ಚೀಟಿ ಬರೆದ ನಾನು
ಆ ಹೆಸರಿಗೆ ಒಂದು ಚೀಲವನ್ನೂ ಕಳಿಸಿದವಳಲ್ಲ.

ವಯಸ್ಸೆಷ್ಟಂತೆ ಆ ದೇಶಕ್ಕೆ? ದೇವೀರಮ್ಮ ಕೇಳಿದಳು,
ಕರಿಕಾಳು ಹೆಕ್ಕುವ ಕೈ ನಿಲ್ಲಿಸದೆ.
ಹತ್ತೊಂಬತ್ತು, ಅಂದೆ, ಅವನನ್ನು ಕೇಳಿ.
ಅಯ್ಯ, ನನ್ನ ಸೊಸೆಗಿಂತ ಚಿಕ್ಕದು!
ಬೇರೆ ಒಲೆ ಹೂಡಿದ ಹೊಸತು,
ಪಾತ್ರೆ ಸಪ್ಪಳ ಇದ್ದೇ ಇರುತ್ತೆ ಬಿಡು.

ಇದನ್ನು ಇಂಗ್ಲಿಷಿಗೆ ತಿರುಗಿಸಿದೆ, ಸುಮಾರಾಗಿ.
ಅವನು ನಗಲಿಲ್ಲ. ಮೊರದ ಪಕ್ಕ ಕೂತ.
ಹಳೆ ಯಜಮಾನ ಹೋದ, ಅಂದ,
ಬೀಗದ ಕೈಗೊಂಚಲು ಮನೆಯಲ್ಲೇ ಉಳಿಯಿತು.
ಬಾವುಟ ಹೊಸದು, ನೋಟು ಹೊಸದು,
ಬಂದರಿನ ಗುತ್ತಿಗೆ ಮಾತ್ರ ಅದೇ ಮೂವರು ಭಾವಮೈದುನರದು.
ಲೆಕ್ಕ ಕೊಡಿ ಅಂದರೆ
ದೇಶ ಬೇಡವಾ ನಿನಗೆ, ಅನ್ನುತ್ತಾರೆ.
ದೇಶ ಬೇಕಾದ್ದಕ್ಕೇ ಲೆಕ್ಕ ಕೇಳಿದ್ದು
ಎಂದು ಹೇಳಲಿಕ್ಕೆ
ಒಂದು ಪಕ್ಷವನ್ನೇ ಕಟ್ಟಬೇಕಾಯಿತು.

ಎಂಬತ್ತೊಂದು ಕುರ್ಚಿಯ ಸಭೆ. ಇವರದು ಮೂರು.
ಒಬ್ಬಳು ಹಲ್ಲಿನ ಡಾಕ್ಟರು, ಒಬ್ಬರು ಭೂಗೋಳದ ಮೇಷ್ಟ್ರು,
ಇನ್ನೊಬ್ಬ ಇವನೇ, ಕಾಫಿ ಹುರಿಯುವವನು.
ಮೇಷ್ಟ್ರು ಪ್ರತಿ ಅಧಿವೇಶನದಲ್ಲೂ ಎದ್ದು ನಿಂತು
ಹೋದ ಸಲದ ನಡಾವಳಿ ಓದಿ, ಅನ್ನುತ್ತಾರಂತೆ.
ಅಷ್ಟೇ. ಅವರ ಕ್ರಾಂತಿ ಅಷ್ಟೇ.
ಆರು ವರ್ಷದಿಂದ, ಅಷ್ಟು ಹೊತ್ತಿಗೆ ಸರಿಯಾಗಿ,
ಆ ಒಂದು ಮೈಕು ಕೆಡುತ್ತದೆ.

ಗುರುತು ಯಾವುದು ನಿಮ್ಮದು? ಸಫೂರಾ ಕೇಳಿದಳು.
ಗುರುತು?
ಆಟೋ, ಹೊಲಿಗೆ ಮಿಷನ್ನು, ಗ್ಯಾಸ್ ಸಿಲಿಂಡರು, ಏನಾದರೊಂದು.
ನಮ್ಮಲ್ಲಿ ಎಲ್ಲರಿಗೂ ಓದು ಬರುತ್ತದೆ, ಅಂದ.
ಓದಿದೋರೇ ಬೇಗ ಮರೆಯೋದು, ಅಂದಳು.

ಮೊರದಿಂದ ಒಂದು ಪೀಬಿ ಕಾಳು ತೆಗೆದು
ಅವನ ಅಂಗೈಯಲ್ಲಿಟ್ಟಳು.
ಹಣ್ಣಿನೊಳಗೆ ಒಂಟಿ ಬೆಳೆದದ್ದು, ಗೋಲಿಯಂಥದು.
ನಾವಾ ಇದು? ಅವನ ಮುಖ ಅರಳಿತು.
ಅಲ್ಲ, ನಿಮ್ಮನ್ನ ಆಳೋರು.
ಎದುರಿಗೆ ಯಾರೂ ಇಲ್ಲ, ಅದಕ್ಕೇ ಹೀಗೆ ದುಂಡಗೆ.
ಜೋಡಿ ಇದ್ದಿದ್ದರೆ
ಒಂದನ್ನೊಂದು ಒತ್ತಿ ಒತ್ತಿ ಹೊಟ್ಟೆ ಚಪ್ಪಟೆ ಆಗಿರೋದು.
ಒತ್ತೋದು ನಿಮ್ಮ ಕೆಲಸ.

ಆದರೆ ಪೀಬಿಗೇ ಜಾಸ್ತಿ ರೇಟು, ಅಂದ ಅವನು.
ಹೂಂ, ಎಲ್ಲಾ ಕಡೆ ಹಾಗೇ, ಅಂದಳು ಫಿಲೋಮಿನಾ,
ಅಲ್ಲಿಯವರೆಗೆ ತುಟಿ ಬಿಚ್ಚದವಳು.

ಹದಿನೆಂಟು ಚೀಲ ಕೊಂಡ. ಚಪ್ಪಟೆ ಕಾಳೇ ಇರಲಿ, ಅಂದ.
ಬಿಲ್ಲು ಹರಿದು ಕೊಟ್ಟೆ.
ಬೂಟಿನ ಲಾಡಿ ಕಟ್ಟಲು ಬಹಳ ಹೊತ್ತು ಬಗ್ಗಿದ್ದ.

ಮಾಘದಲ್ಲಿ ಪತ್ರ ಬಂತು. ಚುನಾವಣೆ ಆಯಿತಂತೆ.
ಮೂರು ಇದ್ದದ್ದು ಎರಡು.
ಮೇಷ್ಟ್ರು ಸೋತಿದ್ದರು, ನಲವತ್ತು ಓಟಿನಲ್ಲಿ.
ಕಾಫಿ ಚೆನ್ನಾಗಿತ್ತು, ಎಂದೂ ಬರೆದಿದ್ದ.
ಹಾಗಾದರೆ ಇನ್ನು ಕೇಳೋರು ಯಾರು,
ಅಂದಳು ದೇವೀರಮ್ಮ. ಯಾರನ್ನೂ ನೋಡದೆ.

ಶನಿವಾರ ಕ್ಯಾಂಟೀನ್ ಸಮಿತಿಯ ಸಭೆ.
ಅಧ್ಯಕ್ಷರದ್ದು ಹನ್ನೊಂದನೇ ವರ್ಷ.
ಅಕ್ಕಿ ಬಂತು, ಬೇಳೆ ಬಂತು, ಸರ್ವಾನುಮತ,
ಇನ್ನೇನು ಚಪ್ಪಾಳೆ ಅನ್ನುವಾಗ
ದೇವೀರಮ್ಮ ಎದ್ದಳು, ಸೆರಗಿನಲ್ಲಿ ಕಾಫಿ ಹೊಟ್ಟು.
ಹೋದ ಸಲದ್ದು ಓದ್ರಿ.

ಯಾರೋ ಕೆಮ್ಮಿದರು. ಎಲ್ಲರೂ ನನ್ನ ಕಡೆ ತಿರುಗಿದರು.
ಪುಸ್ತಕ ನನ್ನ ತೊಡೆಯ ಮೇಲಿತ್ತು.
ಹನ್ನೊಂದು ವರ್ಷದಿಂದ ನಾನೇ ಬರೆಯುವುದು,
ನೀಟಾಗಿ, ಮಾರ್ಜಿನ್ ಬಿಟ್ಟು,
ಸಭೆಯ ಹಿಂದಿನ ದಿನವೇ.

ನಮ್ಮಲ್ಲಿ ಮೈಕಿಲ್ಲ, ಕೆಡಲಿಕ್ಕೆ.
ಪುಟ ತೆರೆದೆ.
ಸಫೂರಾ ಎದ್ದು ಹೋಗಿ
ಫ್ಯಾನು ಆರಿಸಿದಳು, ಕೇಳಿಸಲಿ ಅಂತ.